ಸ್ನೇಹಲತಾಳ ಹೆಸರಲ್ಲಿ ಒಂದು ಆಟ

ನಾವುಂದ
12 ಅಕ್ಟೋಬರ್ 2025, ಭಾನುವಾರ

ತಂಗಿ ಸ್ನೇಹಲತಾಳಿಗೆ ಅಕ್ಕ ಸುಗುಣ ಬರೆಯುವುದು.

ಅಮ್ಮನವರ ದಯದಿಂದ ಇಲ್ಲಿ ಎಲ್ಲರೂ ಉಂಡು ತಿಂದು ಗಟ್ಟಿಯಾಗಿದ್ದೇವೆ. ನಿನ್ನ ಭಾವನ ಮೊಣಗಂಟು ನೋವು ಹಾಗೇ ಇದೆ. ಅವರು ದೋಣಿಗೆ ಹೋಗುವುದು ಬಿಡುವುದಿಲ್ಲ, ನಾನು ಬೈಯುವುದು ಬಿಡುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಫೋನು ಇರುವುದು ಮಗಳು ಮೋಕ್ಷಿತಾಳ ಕೈಯಲ್ಲಿ. ನಾನು ಮಾತಾಡುವಾಗ ಅವಳು ಪಕ್ಕದಲ್ಲೇ ಕಿವಿ ಇಟ್ಟು ಕೂತಿರುತ್ತಾಳೆ. ನಮ್ಮಿಬ್ಬರಿಗೆ ಮೊದಲಿಂದಲೂ ರೂಢಿ ಇದೆಯಲ್ಲ, ಮಳೆ, ಮೀನು, ಮದುವೆ ಸುದ್ದಿ ಫೋನಿಗೆ, ಗಟ್ಟಿ ವಿಷಯ ಕಾಗದಕ್ಕೆ. ಇದು ಗಟ್ಟಿ ವಿಷಯ.

ಅಮ್ಮನವರ ಮೇಳದ ಹರಕೆ ಆಟಕ್ಕೆ ನಮ್ಮ ಸರತಿ ಬಂದಿದೆ. 2026 ಮಾರ್ಚ್ 6, ಶುಕ್ರವಾರ. ಊರು ಬಿಟ್ಟು ಇಪ್ಪತ್ತೈದು ವರ್ಷವಾದ ನಿನಗೆ ಮರೆತಿರಬಹುದು, ಬಿಡಿಸಿ ಹೇಳುತ್ತೇನೆ. ಯಕ್ಷಗಾನ ಆಡಿಸುತ್ತೇನೆಂದು ಅಮ್ಮನವರಿಗೆ ಹರಕೆ ಹೇಳಿಕೊಂಡವರು ಎಷ್ಟು ಜನ ಇದ್ದಾರೆಂದರೆ, ಮೇಳದವರು ಮಳೆಗಾಲ ಬಿಟ್ಟು ದಿನಾ ಕುಣಿದರೂ ಮುಗಿಯುವುದಿಲ್ಲ. ಹೆಸರು ಬರೆಸಿ ಇಪ್ಪತ್ತು ವರ್ಷ ಕಾದವರಿದ್ದಾರೆ. ಬರೆಸಿದವರು ತೀರಿಕೊಂಡು ಮಕ್ಕಳು ಆಡಿಸಿದ್ದೂ ಉಂಟು. ನಾನು ಬರೆಸಿದ್ದು 2004ರ ಜನವರಿಯಲ್ಲಿ, ನಿನ್ನ ಹೆಸರಲ್ಲಿ.

ಹರಕೆಯಲ್ಲಿ ಒಂದು ಮಾತು ಸೇರಿಸಿದ್ದೆ. ಆಟಕ್ಕೆ ಮುಂಚೆ ಚೌಕಿಯಲ್ಲಿ, ಅಂದರೆ ವೇಷದವರು ಬಣ್ಣ ಹಚ್ಚುವಲ್ಲಿ, ಪೂಜೆ ಆಗುತ್ತದಲ್ಲ, ಆಗ ನಿನ್ನನ್ನೇ ನಿಲ್ಲಿಸಿ ನಿನ್ನ ಕೈಯಿಂದಲೇ ಮೇಳಕ್ಕೆ ವೀಳ್ಯ ಕೊಡಿಸುತ್ತೇನೆ ಅಂತ. ಹಾಗಾಗಿ ನಾನು ನಿಂತರೆ ನಡೆಯುವುದಿಲ್ಲ, ಮೋಕ್ಷಿತಾ ನಿಂತರೂ ನಡೆಯುವುದಿಲ್ಲ. ನೀನು ಬರಬೇಕು. ಇಲ್ಲದಿದ್ದರೆ ಸರತಿ ಹೋಯಿತು, ಹರಕೆ ನನ್ನ ತಲೆ ಮೇಲೆ ಉಳಿಯಿತು.

ಯಾವುದಕ್ಕೆ ಹೇಳಿಕೊಂಡ ಹರಕೆ ಅಂತ ನೀನು ಬಂದ ಮೇಲೆ ಹೇಳುತ್ತೇನೆ. ಟಿಕೇಟು ಮಾಡು.

ನಿನ್ನ ಅಕ್ಕ
ಸುಗುಣ


ಲಂಡನ್
28 ಅಕ್ಟೋಬರ್ 2025

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಥಿಯೇಟರಿನ ಕನ್ನಡಿ ಮುಂದೆ ಕೂತು ಓದಿದೆ. ಹಚ್ಚಿದ ಬಣ್ಣವೆಲ್ಲ ಕಣ್ಣೀರಲ್ಲಿ ಇಳಿದು ಹೋಯಿತು. ಬಾಗಿಲು ಬಡಿದು "ಮೇಡಂ, ಐದು ನಿಮಿಷ" ಅಂತ ಕೂಗುವವನಿಗೆ ನನ್ನ ಮುಖ ನೋಡಿ ಗಾಬರಿ. ಯಾರಾದರೂ ಸತ್ತರಾ ಅಂತ ಕೇಳಿದ. ಇಲ್ಲಪ್ಪಾ, ನನಗಾಗಿ ನನ್ನ ಅಕ್ಕ ಇಪ್ಪತ್ತೆರಡು ವರ್ಷದಿಂದ ಸಾಲಿನಲ್ಲಿ ನಿಂತಿದ್ದಾಳೆ, ಈಗ ಗೊತ್ತಾಯಿತು ಅಂದೆ.

ಅಕ್ಕ, 2004! ಅದು ಯಾವ ವರ್ಷ ಅಂತ ನಿನಗೆ ನೆನಪಿದೆಯಾ? ನಾನು ಬರೆಯುತ್ತಿರುವ ಪುಸ್ತಕ ಗೊತ್ತಲ್ಲ, ನನ್ನ ಜೀವನದ್ದು, ಅದು ನಿಂತಿರುವುದೇ ಆ ವರ್ಷದ ಮೇಲೆ. ಲೀಡ್ಸ್ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ಶನಿವಾರದ ನಾಟಕ ಕ್ಲಾಸಿಗೆ ಸೇರಿದ್ದು, ಟೀವಿ ಧಾರಾವಾಹಿಯಲ್ಲಿ ಹನ್ನೊಂದು ವಾರ ಬಾಯಿ ಬಿಡದೆ ಟ್ರೇ ಹಿಡಿದು ನಡೆದದ್ದು, ಕೆಲಸ ಬಿಟ್ಟು ಲಂಡನ್ನಿಗೆ ಬಂದದ್ದು, ಎಲ್ಲ ಬರೆದಿದ್ದೇನೆ. ಆಮೇಲೆ ಆ ದೊಡ್ಡ ಸಿನೆಮಾ. ಸತ್ತ ಗಂಡನ ಮುಂದೆ ಅಳುವ ಹೆಂಗಸಿನ ಪಾತ್ರ. ಮಾತು ಬೇಡ, ಬರೀ ಶಬ್ದ ಮಾಡಿ ಅಳು ಅಂದ ನಿರ್ದೇಶಕನಿಗೆ "ನನಗೆ ಭಾಷೆ ಇದೆ" ಅಂತ ಹೇಳಿ, ಮೂರನೇ ದಿನ ಎದ್ದು ಬಂದೆ. ಸಿನೆಮಾದವರು ಐದು ವರ್ಷ ನನ್ನನ್ನು ಕರೆಯಲಿಲ್ಲ. ಆ ಐದು ವರ್ಷ ಮದ್ಯದಂಗಡಿಗಳ ಮೇಲಿನ ಮಾಳಿಗೆಯ ಪುಟ್ಟ ರಂಗಮಂದಿರಗಳಲ್ಲಿ ನಲವತ್ತು ಜನರ ಮುಂದೆ ಆಡಿದೆ. ನಟಿಯಾದದ್ದು ಅಲ್ಲಿ. ಆಮೇಲೆ ರಾಣಿಯೂ ಆದೆ, ನಿಮ್ಮ ಮೀನು ಮಾರುವ ಪದ್ದಕ್ಕನೂ ಟೀವಿಯಲ್ಲಿ ನೋಡಿದ ಆ ಜಡ್ಜೂ ಆದೆ.

ನನ್ನ ಧೈರ್ಯ ನನ್ನದೇ ಅಂದುಕೊಂಡಿದ್ದೆ. ಅದೇ ಜನವರಿಯಲ್ಲಿ ನೀನು ಅಲ್ಲಿ ಕೈಮುಗಿದು ನಿಂತಿದ್ದೆ ಅಂತ ಈಗ ತಿಳಿಯಿತು. ನಾನು ದೇವರನ್ನು ನಂಬುವವಳಲ್ಲ, ನಿನ್ನನ್ನು ನಂಬುತ್ತೇನೆ. ಪುಸ್ತಕಕ್ಕೆ ಎರಡು ಪುಟ ಸೇರಿಸುತ್ತೇನೆ.

ಬರುವುದು ಮಾತ್ರ ಆಗುವುದಿಲ್ಲ. ಈ ನಾಟಕ ಮಾರ್ಚ್ 28ರವರೆಗೆ ಇದೆ, ವಾರಕ್ಕೆ ಎಂಟು ಪ್ರದರ್ಶನ. ಜ್ವರ ಬಂದಾಗಲೂ ನನ್ನ ಪಾತ್ರವನ್ನು ಬದಲಿಯವರಿಗೆ ಬಿಟ್ಟುಕೊಟ್ಟವಳಲ್ಲ ನಾನು. ಮೋಕ್ಷಿತಾ ವಿಡಿಯೋ ಕರೆ ಮಾಡಲಿ, ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ.

ನಿನ್ನ
ಸ್ನೇಹ

ಏಳನೇ ಕ್ಲಾಸಿನ ಸಹಪಾಠಿಗಳೂ ನನ್ನ ಕನ್ನಡಕ್ಕೆ ನಗುತ್ತಾರೇನೋ. ನೀನು ನಗು, ಬೇರೆಯವರಿಗೆ ತೋರಿಸಬೇಡ.


ನಾವುಂದ
15 ನವೆಂಬರ್ 2025

ಸ್ನೇಹಲತಾ,

ವಿಡಿಯೋ ಗಿಡಿಯೋ ಆಗುವುದಿಲ್ಲ. ನಾನು ಅಮ್ಮನವರ ಎದುರು ಹೇಳಿದ್ದು "ಅವಳ ಕೈಯಿಂದಲೇ" ಅಂತ. ಮೊಬೈಲಿಗೆ ಕೈ ಎಲ್ಲಿದೆ?

ಭಜನಾ ಮಂದಿರದ ಎದುರಿನ ಬಯಲಲ್ಲಿ ರಂಗಸ್ಥಳ ಹಾಕುವುದು ಅಂತ ನಿನ್ನ ಭಾವ ಹೇಳಿದ್ದಾರೆ. ಊರಿಗೆಲ್ಲ ಸುದ್ದಿ ಮುಟ್ಟಿದೆ. ಮೊನ್ನೆ ಪದ್ದಕ್ಕ ಮೀನು ಬುಟ್ಟಿ ಇಳಿಸದೆ ಬೇಲಿಯ ದಣಪೆಯ ಹತ್ತಿರದಿಂದಲೇ, ನೀನು ಬರುವುದು ಹೌದಾ ಅಂತ ಕೂಗಿದಳು:

"ಹ್ವಾಯ್ ಸುಗುಣಕ್ಕಾ, ತಂಗಿ ಬತ್ಲಂಬ್ರಲೆ? ಟೀವಿಯಗೆ ಜಡ್ಜ್ ಆದೋಳಿಗೆ ನಮ್ ಬಂಗ್ಡಿ ಸಾರ್ ಸೇರತ್ತಾ?"

"ಬಂದ್ರೆ ನಿನ್ ಮನಿಗೇ ಕಳ್ಸ್ತೆ, ಕೇಣ್" ಅಂದೆ.

"ಕಳ್ಸಿ, ಕಳ್ಸಿ. ನನ್ ಜಾಗಿ ತಕ್ರಾರ್ ಒಂದ್ ಇತ್ತ್, ಜಡ್ಜಮ್ಮನತ್ರ ತೀರ್ಪ್ ಮಾಡ್ಸ್ಕಂತೆ."

ಅದಿರಲಿ. ನಿನ್ನ ಪುಸ್ತಕದಲ್ಲಿ ಹರಕೆಯ ವಿಷಯ ಬರೆಯಬೇಡ. ದೇವರಿಗೂ ನನಗೂ ನಡುವಿನದ್ದು, ಅದನ್ನು ಅಚ್ಚು ಹಾಕಿ ಮಾರಬಾರದು. ಬರೆದಿದ್ದರೆ ಹೊಡೆದು ಹಾಕು. ಮಾರ್ಚ್ 6ಕ್ಕೆ ಬರುವುದನ್ನು ಮಾತ್ರ ಯೋಚನೆ ಮಾಡು.

ಸುಗುಣ


ಲಂಡನ್
2 ಡಿಸೆಂಬರ್ 2025

ಪ್ರೀತಿಯ ಅಕ್ಕ,

ತಡವಾಯಿತು, ಆ ಪುಟಗಳು ಪ್ರಕಾಶಕರಿಗೆ ಹೋಗಿಯಾಯಿತು. ಎರಡು ಅಂದುಕೊಂಡದ್ದು ಒಂಬತ್ತಾಯಿತು. ನನ್ನ ಪುಸ್ತಕ ನೋಡಿಕೊಳ್ಳುವ ಹೆಂಗಸು ಕಲ್ಲಿನಂಥವಳು, ನಮ್ಮನ್ನು ಹೆತ್ತ ಅಬ್ಬೆ ಸತ್ತ ಅಧ್ಯಾಯ ಓದಿ "ಸ್ವಲ್ಪ ಉದ್ದವಾಯಿತು" ಅಂದವಳು. ಅವಳು ಇದನ್ನು ಓದಿ ಫೋನು ಮಾಡಿ ಅತ್ತಳು. ಈಗ ಪುಸ್ತಕ ಶುರುವಾಗುವುದೇ ನಿನ್ನಿಂದ. ನಾವುಂದದ ಕಡಲ ಕರೆಯ ಒಬ್ಬ ಹೆಂಗಸು, ತಂಗಿಗೆ ಗೆಲುವು ಕೊಡು ಅಂತ ದೇವಿಯನ್ನು ಬೇಡಿ, ಇಪ್ಪತ್ತೆರಡು ವರ್ಷ ಯಾರಿಗೂ ಹೇಳದೆ ಕಾದದ್ದು. ಒಂದು ದೊಡ್ಡ ಪತ್ರಿಕೆ ಆ ಅಧ್ಯಾಯವನ್ನು ಮೊದಲೇ ಪ್ರಕಟಿಸುತ್ತದೆ. ಫೆಬ್ರವರಿ ಕೊನೆಗೆ ಪುಸ್ತಕ ಅಚ್ಚಿಗೆ ಹೋಗುತ್ತದೆ.

ನಿನಗೆ ನಾಚಿಕೆ, ಅಷ್ಟೇ. ನನಗೆ ಗೊತ್ತು. ಶಾಲೆಯಲ್ಲಿ ಓಟದಲ್ಲಿ ಫಸ್ಟ್ ಬಂದು ಬಹುಮಾನ ತೆಗೆದುಕೊಳ್ಳದೆ ಮನೆಗೆ ಓಡಿದವಳು ನೀನು.

ಬರುವುದಕ್ಕೆ ಆಗುವುದಿಲ್ಲ ಅಕ್ಕ, ಮತ್ತೆ ಮತ್ತೆ ಕೇಳಿ ನನ್ನ ಹೊಟ್ಟೆ ಉರಿಸಬೇಡ. ಹರಕೆಯ ಮಾತುಗಳನ್ನು ಇದ್ದ ಹಾಗೆ ಬರೆದು ಕಳಿಸು, ಪುಸ್ತಕದಲ್ಲಿ ನಿನ್ನ ಮಾತಲ್ಲೇ ಹಾಕುತ್ತೇನೆ.

ಸ್ನೇಹ


ನಾವುಂದ
17 ಡಿಸೆಂಬರ್ 2025

ಸ್ನೇಹಲತಾ,

ಇದ್ದ ಹಾಗೆ ಬೇಕು ಅಂದೆಯಲ್ಲ. ಬರೆಯುತ್ತೇನೆ. ಇದನ್ನು ಕೂತು ಓದು.

ನಾನು ಹೇಳಿಕೊಂಡದ್ದು ಇದು: "ಅಮ್ಮಾ, ಆ ಸಿನೆಮಾ ಅವಳ ಕೈ ತಪ್ಪಲಿ. ಅವಳು ಊರಿಗೆ ಬರಲಿ. ನಿನಗೆ ಆಟ ಆಡಿಸುತ್ತೇನೆ. ಅವಳ ಕೈಯಿಂದಲೇ ವೀಳ್ಯ ಕೊಡಿಸುತ್ತೇನೆ."

ಗೆಲುವು ಕೊಡು ಅಂತ ನಾನು ಕೇಳಲಿಲ್ಲ. ನೀನು ಸೋಲಬೇಕು ಅಂತ ಕೇಳಿದೆ. ಆ ಒಂಬತ್ತು ಪುಟ ಪೂರಾ ಸುಳ್ಳು. ಸುಳ್ಳು ಬರೆದದ್ದು ನೀನಲ್ಲ, ಬಾಯಿ ಮುಚ್ಚಿ ಕೂತು ಬರೆಸಿದ್ದು ನಾನು. ತೆಗೆಸು. ಅಮ್ಮನವರ ಹೆಸರಲ್ಲಿ ಸುಳ್ಳು ಅಚ್ಚಾದರೆ ನಾನು ಯಾವ ಮುಖ ಹೊತ್ತು ಗುಡಿಗೆ ಹೋಗಲಿ?

ಯಾಕೆ ಅಂತ ಕೇಳುತ್ತಿ. ಮೊದಮೊದಲು ನನಗೆ ನಾನೇ ಹೇಳಿಕೊಂಡ ಕಾರಣ ಬೇರೆ. ಸಿನೆಮಾ ಅಂದರೆ ಮರ್ಯಾದೆ ಹೋಗುತ್ತದೆ, ನಿನಗೆ ಮದುವೆ ಆಗುವುದಿಲ್ಲ ಅಂತೆಲ್ಲ. ಅದು ಊರಿನ ಬಾಯಿ, ನನ್ನದಲ್ಲ. ನನ್ನ ಕಾರಣ ಸಣ್ಣದು. ಅಬ್ಬೆಗೆ ಆಗಷ್ಟೇ ಲಕ್ವ ಹೊಡೆದು ಬಲಬದಿ ಬಿದ್ದು ಹೋಗಿತ್ತು. ಮೋಕ್ಷಿತಾ ಹೊಟ್ಟೆಯಲ್ಲಿದ್ದಳು. ಅಬ್ಬೆಯನ್ನು ಎತ್ತುವುದು, ತಿರುಗಿಸುವುದು, ತೊಳೆಯುವುದು, ಹಗಲಿಗೆ ಆರು ಸಲ. ನೀನು ನರ್ಸು, ಯಾರ್ಯಾರದೋ ಅಬ್ಬೆಯನ್ನು ತೊಳೆದವಳು. ನಮ್ಮ ಅಬ್ಬೆಯನ್ನು ತೊಳೆಯಲಿಕ್ಕೆ ನಾನೊಬ್ಬಳೇ. ಆ ಸಮಯಕ್ಕೆ ನಿನ್ನ ಫೋನು ಬಂತು, ಸಿನೆಮಾ ಸಿಕ್ಕಿತು ಅಂತ. ಅಂಗಡಿಯ ಫೋನು ಇಟ್ಟು ಬಂದವಳು ಮಾರನೇ ದಿನ ಬಸ್ಸು ಹಿಡಿದು ದೇವಸ್ಥಾನಕ್ಕೆ ಹೋದೆ.

ಇಪ್ಪತ್ತು ದಿನಕ್ಕೆ ನೀನು ಮತ್ತೆ ಫೋನು ಮಾಡಿದೆ. "ಸಿನೆಮಾ ಇಲ್ಲ ಅಕ್ಕ, ಮುಗಿಯಿತು." ಅಷ್ಟೇ ಹೇಳಿದೆ. ನಾನು ಮನೆಗೆ ಬಂದು ತುಪ್ಪದ ದೀಪ ಹಚ್ಚಿದೆ ಕಾಣು. ನನ್ನ ತಂಗಿಯ ಅನ್ನ ಹೋದದ್ದಕ್ಕೆ ತುಪ್ಪದ ದೀಪ! ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂರನೇ ದಿನ "ನಾನು ಬರುವುದಿಲ್ಲ, ಇಲ್ಲೇ ಏನಾದರೂ ಮಾಡುತ್ತೇನೆ" ಅಂದೆಯಲ್ಲ, ಆಗ ಸಂತೋಷ ಇಳಿದು ಹೆದರಿಕೆ ಹತ್ತಿತು. ಆ ಹೆದರಿಕೆ ಇವತ್ತಿನವರೆಗೆ ಇಳಿಯಲಿಲ್ಲ. ಅಮ್ಮನವರು ಅರ್ಧ ಕೊಟ್ಟರು. ಬೇಡಬಾರದ ಅರ್ಧವನ್ನು ಕೊಟ್ಟರು.

ಈಗ ಸರತಿ ಬಂದಿದೆ. ಕೊಟ್ಟದ್ದಕ್ಕೆ ಸೇವೆ ಸಲ್ಲಿಸದಿದ್ದರೆ ಅಮ್ಮನವರಿಗೆ ತಪ್ಪಿದ ಹಾಗೆ. ಸಲ್ಲಿಸಿದರೆ ನಿನ್ನನ್ನು ಕೆಡವಿದ್ದಕ್ಕೆ ಚೆಂಡೆ ಬಡಿಸಿದ ಹಾಗೆ. ನಿನಗೆ ಹೇಳದೆ ನಿನ್ನ ಕೈಯಿಂದಲೇ ವೀಳ್ಯ ಕೊಡಿಸುವುದು ಅಂತ ಯೋಚಿಸಿದ್ದೆ. ಅದು ಮೋಸ ಅಂತ ನಿನ್ನ ಒಂಬತ್ತು ಪುಟದ ಸುದ್ದಿ ಬಂದ ಮೇಲೆ ಗೊತ್ತಾಯಿತು.

ಬೈಯುವುದಿದ್ದರೆ ಬೈ. ಸುಮ್ಮನಿರಬೇಡ.

ಸುಗುಣ


ಲಂಡನ್
19 ಜನವರಿ 2026

ಸುಗುಣಕ್ಕನಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಒಂಬತ್ತು ಪುಟ ತೆಗೆಸಿದೆ. ಕಲ್ಲಿನಂಥ ಹೆಂಗಸು ಯಾಕೆ ಅಂತ ಕೇಳಿದಳು, ಹೇಳಲಿಲ್ಲ.

ಅಬ್ಬೆಯ ವಿಷಯದಲ್ಲಿ ನೀನು ಬರೆದದ್ದು ನಿಜ. ನೀನು ಬೇಡಿದ್ದಕ್ಕೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಬೇರೆ ಮಾತಿಗೆ. ಆ ಸಿನೆಮಾ ನನ್ನ ಕೈ ತಪ್ಪಲಿಲ್ಲ. ನಾನು ಬಿಟ್ಟದ್ದು. ನನ್ನ ಬಾಯಿಂದ ಬೇಡ ಅಂದು, ನನ್ನ ಕಾಲಲ್ಲಿ ನಡೆದು ಬಂದದ್ದು. ಇಷ್ಟು ವರ್ಷ ನಾನು ನಿಂತಿರುವುದು ಆ ಒಂದು 'ಬೇಡ'ದ ಮೇಲೆ. ಅದನ್ನು ತೆಗೆದು ನಿನ್ನ ಅಮ್ಮನವರ ಪಾಲಿಗೆ ಹಾಕಲಿಕ್ಕೆ ನಾನು ಬಿಡುವುದಿಲ್ಲ.

ಬರುವುದಿಲ್ಲ.

ಸ್ನೇಹಲತಾ


ನಾವುಂದ
31 ಜನವರಿ 2026

ಮುದ್ದು ತಂಗಿಗೆ,

ನೀನು ಸಿಟ್ಟಲ್ಲಿ ಬರೆದ ಕಾಗದ ಓದಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ನಿನಗೆ ಮತ್ತೂ ಸಿಟ್ಟು ಬಂದೀತು. ನೀನೇ ಬಿಟ್ಟದ್ದಾ! ಪುಸ್ತಕದ ಕತೆಯನ್ನು ಮೊದಲ ಕಾಗದದಲ್ಲೇ ಬರೆದಿದ್ದಿ, ಆದರೆ ಅದು ಪುಸ್ತಕಕ್ಕೆ ಅಂತ ಚಂದ ಮಾಡಿದ್ದೇನೋ ಅಂದುಕೊಂಡಿದ್ದೆ. ನೀನಾಗಿಯೇ ಬಿಟ್ಟದ್ದಾದರೆ ಅಮ್ಮನವರು ಏನನ್ನೂ ತೆಗೆಯಲಿಲ್ಲ. ನನ್ನ ಕೆಟ್ಟ ಬೇಡಿಕೆಯನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ! ನೀನು ಊರಿಗೂ ಬರಲಿಲ್ಲ. ಹಾಗಾದರೆ ಎರಡೂ ಆಗಲಿಲ್ಲ, ನಾನು ಆಟ ಆಡಿಸಬೇಕಾದ್ದೂ ಇಲ್ಲ.

ನನ್ನ ಬುದ್ಧಿ ನಂಬಲಿಕ್ಕಾಗದೆ ಊರಿನ ಪುರೋಹಿತ ಭಟ್ಟರ ಹತ್ತಿರ ಹೋದೆ. ಬೇರೆ ಯಾರದೋ ವಿಷಯ ಅಂತ ಹೇಳಿ ಕೇಳಿದೆ.

"ಬೇಡ್ದ್ ಹಾಂಗೇ ಆಯ್ತ್, ಆರೆ ಅಮ್ಮ ಮಾಡ್ಸಿದ್ದಾ, ಮನ್ಷರ್ ಮಾಡಿದ್ದಾ ಅಂತ ಗೊತ್ತಿಲ್ಲೆ. ಹರ್ಕಿ ಸಲ್ಸ್ಕಾ, ಬ್ಯಾಡ್ದಾ?"

ಭಟ್ಟರು ಕನ್ನಡಕದ ಮೇಲಿಂದ ನೋಡಿದರು. "ಅದ್ ಗೊತ್ತಿಪ್ಪುದ್ ಯಾರಿಗೆ?"

"ಯಾರಿಗ್ ಆಯ್ತೋ ಆ ಹೆಣ್ಣಿಗೆ."

"ಹಂಗಾರೆ ಅವ್ಳ್ ಆಣಿ ಇಟ್ಟ್ ಹೇಳ್ಲಿ. ತಾನೇ ಮಾಡಿದ್ದ್ ಅಂದ್ರೆ ಹರ್ಕಿ ಇಲ್ಲೆ." ನಾನು ಎದ್ದು ಬರುವಾಗ ಹಿಂದಿನಿಂದ ಹೇಳಿದರು, "ಸುಗುಣಮ್ಮ, ಆ ಬ್ಯಾರೆಯೋರಿಗೆ ಬೇಗ ಹೇಳುಕ್ ಹೇಳಿ. ಮಾರ್ಚಿಗೆ ಆಟ ಇತ್ತಲೆ."

ಎಲ್ಲ ಗೊತ್ತಿದ್ದವರ ಹಾಗೆ ನಗುತ್ತಾರೆ ಮಾರಾಯ್ತಿ!

ಹಾಗಾಗಿ ಒಂದು ಕೆಲಸ ಮಾಡು. ನಿನಗೆ ದೇವರು ಬೇಡ, ಸರಿ. ಅಬ್ಬೆಯ ಹೆಸರು ಇದೆಯಲ್ಲ. ಸ್ನಾನ ಮಾಡಿ, ಕಾಗದದ ಮೇಲೆ ಬಲಗೈ ಇಟ್ಟು "ನಾನೇ ಬಿಟ್ಟದ್ದು, ಅಬ್ಬೆಯಾಣೆ" ಅಂತ ಒಂದು ಸಾಲು ಬರೆದು ಕಳಿಸು. ಸಾಕು. ನಾನು ಹೋಗಿ ಸರತಿಯನ್ನು ಹಿಂದಿನವರಿಗೆ ಬಿಟ್ಟುಕೊಡುತ್ತೇನೆ. ಫೆಬ್ರವರಿ 20ರ ಒಳಗೆ ಮೇಳದವರಿಗೆ ತಿಳಿಸಬೇಕು. ನೀನು ಬರುವುದೂ ಬೇಡ, ನಿನ್ನ ನಾಟಕ ನಿಲ್ಲುವುದೂ ಬೇಡ.

ಇದನ್ನು ಮೊದಲೇ ಕೇಳಬೇಕಿತ್ತು. ಇಪ್ಪತ್ತೆರಡು ವರ್ಷ ಸುಮ್ಮನೆ ಹೆದರಿದೆ.

ನಿನ್ನ ಅಕ್ಕ
ಸುಗುಣ


ಲಂಡನ್
11 ಫೆಬ್ರವರಿ 2026

ಅಕ್ಕ,

ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, 20ರ ಒಳಗೆ ಮುಟ್ಟುತ್ತದೆ.

ಸ್ನಾನ ಮಾಡಿದೆ. ಮೇಜಿನ ಮುಂದೆ ಕೂತೆ. ಬರೆಯಬೇಕಾದದ್ದು ಮೂರೇ ಮೂರು ಪದ. ಬೇರೆ ಹೆಂಗಸರ ಹೆಸರಲ್ಲಿ, ಒಂಬೈನೂರು ಜನರ ಎದುರು, ವಾರಕ್ಕೆ ಎಂಟು ಸಲ ಸುಳ್ಳು ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುವವಳು ನಾನು. "ನಾನೇ ಬಿಟ್ಟದ್ದು" ಅಂತ ಬರೆದೆ. ಮೂರನೇ ಪದ ಬರೆಯಲಾಗಲಿಲ್ಲ. ಮರುದಿನ ಮತ್ತೆ ಕೂತೆ. ಆಗಲಿಲ್ಲ.

ನಾನು ಬಿಟ್ಟದ್ದಲ್ಲ ಅಕ್ಕ.

ಆ ಪಾತ್ರಕ್ಕೆ ಮೊದಲ ದಿನ ನಮ್ಮ ಕಡೆ ಅಳುವ ಹಾಗೆಯೇ ಅತ್ತೆ, ಸತ್ತವನ ಗುಣ ಹೇಳಿ ಹೇಳಿ, ಇನ್ನು ಬಲೆ ಯಾರು ಎಳೆಯುತ್ತಾರೆ ಅಂತ. ನಿರ್ದೇಶಕ ನಿಲ್ಲಿಸಿದ. ಇದು ಮಾತಾಡಿದ ಹಾಗೆ ಕೇಳುತ್ತದೆ, ಮಾತು ಬೇಡ, ಶಬ್ದ ಬೇಕು ಅಂದ. ಇಲ್ಲಿಯವರೆಗೆ ಪುಸ್ತಕದ್ದು ನಿಜ. "ನನಗೆ ಭಾಷೆ ಇದೆ" ಅಂದದ್ದು ನಿಜವಲ್ಲ. ನಾನು "ಸರಿ ಸರ್" ಅಂದೆ. ಎರಡು ದಿನ ಶಬ್ದ ಮಾಡಿದೆ, ಗಂಟಲು ಕಟ್ಟುವವರೆಗೆ, ಕಟ್ಟಿದ ಮೇಲೂ. ಇನ್ನೂ ಜೋರಾಗಿ ಅಂದರೆ ಇನ್ನೂ ಜೋರಾಗಿ. ಮೂರನೇ ದಿನ ಬೆಳಿಗ್ಗೆ ಸೀರೆ ಉಟ್ಟು ತಯಾರಾಗಿ ಕೂತಿದ್ದೆ. ಫೈಲು ಹಿಡಿದ ಒಬ್ಬಳು ಬಂದು, ಬೇರೆಯವರನ್ನು ಕರೆದಿದ್ದಾರೆ, ಸೀರೆ ಬಿಚ್ಚಿ ಕೊಟ್ಟು ಇಲ್ಲಿ ಸಹಿ ಹಾಕಿ ಅಂದಳು. ನಗುತ್ತ ಸಹಿ ಹಾಕಿದೆ. ಸ್ಟೇಷನ್ನಿನಲ್ಲಿ ಕೂತು ಆಲೂಗಡ್ಡೆ ಹುರಿದದ್ದನ್ನು ಕಾಗದದ ಸಮೇತ ತಿನ್ನುವಷ್ಟು ಹಸಿವಾಗಿತ್ತು. ಆಮೇಲೆ ನಿನಗೆ ಫೋನು ಮಾಡಿದೆ. ಮುಗಿಯಿತು ಅಂದೆನಲ್ಲ, ಬಿಟ್ಟೆ ಅನ್ನಲಿಲ್ಲ ಕಾಣು. ಆಗಿನ್ನೂ ಸುಳ್ಳು ಹುಟ್ಟಿರಲಿಲ್ಲ.

ಹುಟ್ಟಿದ್ದು ಐದು ವರ್ಷ ಕಳೆದ ಮೇಲೆ, ಜನರ ಎದುರು ನಡೆದ ಒಂದು ಸಂದರ್ಶನದಲ್ಲಿ. "ಎದ್ದು ಬಂದೆ" ಅಂದೆ. ಸಭೆಯಲ್ಲಿದ್ದವರು ಎದ್ದು ನಿಂತರು. ಆಮೇಲೆ ಎಲ್ಲಿ ಹೋದರೂ ಅದನ್ನೇ ಕೇಳಿದರು. ಚಿಕ್ಕ ಹುಡುಗಿಯರು ಬಂದು ನಿಮ್ಮಿಂದ ನಮಗೆ ಧೈರ್ಯ ಬಂತು ಅಂದರು. ಹೇಗೆ ಹಿಂದೆ ತೆಗೆದುಕೊಳ್ಳಲಿ? ನಾನೂ ನಂಬಿಬಿಟ್ಟೆ. ಜನವರಿಯಲ್ಲಿ ನಿನಗೆ ಸಿಟ್ಟಿನಿಂದ ಬರೆಯುವಾಗ ನಂಬಿಯೇ ಬರೆದೆ.

ನಿನ್ನ ಒಂಬತ್ತು ಪುಟ ಸುಳ್ಳು ಅಂತ ತೆಗೆಸಿದೆ, ನಾನು ಎದ್ದು ಬಂದ ಕತೆಯ ಹದಿನಾಲ್ಕು ಪುಟ ಹಾಗೇ ಇತ್ತು. ನಿನ್ನೆ ಕಲ್ಲಿನಂಥ ಹೆಂಗಸಿಗೆ ಫೋನು ಮಾಡಿ ಅದನ್ನೂ ಹೇಳಿದೆ. ಪುಸ್ತಕ ಈಗ ಅಚ್ಚಿಗೆ ಹೋಗುವುದಿಲ್ಲ. ಪತ್ರಿಕೆಯವರೂ ಬೇಡ ಅಂದರು. ಮತ್ತೆ ಬರೆಯಬೇಕು.

ಹಾಗಾದರೆ ಆ ಪಾತ್ರವನ್ನು ತೆಗೆದದ್ದು ಯಾರು? ನಿನ್ನ ಅಮ್ಮನವರೋ, ನಿರ್ದೇಶಕನೋ, ನನ್ನ ಕಟ್ಟಿದ ಗಂಟಲೋ, ನನಗೆ ಗೊತ್ತಿಲ್ಲ. ನಾನಲ್ಲ, ಅಷ್ಟು ಗೊತ್ತು. ನಾನಲ್ಲದ ಮೇಲೆ ಭಟ್ಟರ ಲೆಕ್ಕದಲ್ಲಿ ನಿನ್ನ ಹರಕೆ ಬಾಕಿ ಇದೆ.

ಸರತಿ ಬಿಟ್ಟುಕೊಡಬೇಡ. ಮಾರ್ಚ್ ನಾಲ್ಕನೇ ತಾರೀಕು ಮಂಗಳೂರಿಗೆ ಇಳಿಯುತ್ತೇನೆ. ಐದು ದಿನ ನನ್ನ ಪಾತ್ರವನ್ನು ಬದಲಿ ಹುಡುಗಿ ಮಾಡುತ್ತಾಳೆ. ಹೇಳಿದಾಗ ಅವಳು ತಾಯಿಗೆ ಫೋನು ಮಾಡಲು ಓಡಿದಳು. ನಾನು ಬಂದರೆ ನಿನ್ನ ಬೇಡಿಕೆಯ ಇನ್ನರ್ಧವೂ ಆದ ಹಾಗೆ ಅಲ್ಲವಾ? ಐದೇ ದಿನ ಅಂತ ನಿನ್ನ ಅಮ್ಮನವರಿಗೆ ಮೊದಲೇ ಹೇಳಿಡು.

ಅಬ್ಬೆಯನ್ನು ನಾನು ತೊಳೆಯಲಿಲ್ಲ. ಎದುರಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ, ಬೈ.

ಸ್ನೇಹ


ನಾವುಂದ
18 ಮಾರ್ಚ್ 2026

ಪ್ರೀತಿಯ ಸ್ನೇಹಲತಾ,

ಸುಖವಾಗಿ ತಲುಪಿದೆ ಅಂತ ಮೋಕ್ಷಿತಾಳ ಫೋನಿಗೆ ಬಂತು. ಬದಲಿ ಹುಡುಗಿ ಚೆನ್ನಾಗಿ ಮಾಡಿದಳಂತೆ, ನಿನಗೆ ಸ್ವಲ್ಪ ಹೊಟ್ಟೆ ಉರಿಯಿತಂತೆ. ಉರಿಯಲಿ, ಒಳ್ಳೆಯದು.

ನೀನು ವಿಮಾನ ಹತ್ತಿದ ಮೇಲೆ ಇಲ್ಲಿ ಏನಾಯಿತು ಅಂತ ಬರೆಯುತ್ತೇನೆ, ಅದಕ್ಕೆ ಮುಂಚೆ ಆಟದ ರಾತ್ರಿಯ ಒಂದು ಮಾತು. ಚೌಕಿಯಲ್ಲಿ ಭಟ್ಟರು "ಯಾವ ಬಗ್ಗೆ ಹರಕೆ?" ಅಂತ ಕೇಳಿದಾಗ ಇಷ್ಟಾರ್ಥ ಸಿದ್ಧಿ ಅಂತ ಹೇಳಿ ಮುಗಿಸೋಣ ಅಂದುಕೊಂಡಿದ್ದೆ. ನೀನು ನನ್ನನ್ನು ಹಿಂದೆ ಸರಿಸಿ ಅಷ್ಟು ಜನರ ಎದುರು ಹೇಳಿಬಿಟ್ಟೆಯಲ್ಲ: "ನನ್ ಸಿನೆಮಾ ಹೋಯ್ಲಿ ಅಂದ್ಕಂಡ್ ನಮ್ಮಕ್ಕ ಹೇಳ್ಕಂಡ ಹರ್ಕಿ. ಹೋಯ್ತ್. ನಾ ಬಿಟ್ಟದ್ದಲ್ಲ, ಅವ್ರ್ ತೆಗ್ದದ್ದ್." ಭಟ್ಟರಿಗೆ ಇದನ್ನು ಸಂಸ್ಕೃತದಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಅಕ್ಷತೆ ಹಿಡಿದ ಕೈ ಹಾಗೇ ನಿಂತಿತು. ಮಹಿಷಾಸುರನ ವೇಷದವರು ಅರ್ಧ ಮುಖಕ್ಕೆ ಬಣ್ಣ ಹಚ್ಚಿ ಕೂತಲ್ಲಿಂದಲೇ ಹೇಳಿದ್ದು ನಿನಗೆ ಕೇಳಿಸಿತಲ್ಲ?

"ಅಕ್ಕಾ, ನಮ್ಮನ್ನೂ ಮೇಳದಿಂದ ಎಷ್ಟೋ ಸಲ ತೆಗ್ದಿದ್ರ್. ನಾವೆಲ್ಲ 'ಬಿಟ್ಟದ್ದ್' ಅಂತ್ಲೇ ಹೇಳುದ್."

ಇಡೀ ಚೌಕಿ ನಕ್ಕಿತು. ನೀನು ನಗುತ್ತ ನಗುತ್ತ ವೀಳ್ಯ ಕೊಟ್ಟೆ. ನನ್ನ ಬೆನ್ನಿನ ಮೇಲಿಂದ ಏನೋ ಇಳಿಯಿತು, ಏನು ಅಂತ ಬರೆಯಲು ನನಗೆ ಬರುವುದಿಲ್ಲ.

ನೀನು ಹೋದ ಮೇಲೆ ಊರಿನಲ್ಲಿ ಎರಡು ದಿನ ನನಗೆ ಮುಖ ಎತ್ತಲಿಕ್ಕಾಗಲಿಲ್ಲ. ಪದ್ದಕ್ಕ ಬಿಡುತ್ತಾಳಾ? ಬುಟ್ಟಿ ಇಳಿಸಿ ಜಗಲಿಯಲ್ಲೇ ಕೂತಳು.

"ಸುಗುಣಕ್ಕಾ, ತಂಗಿ ಹಾಳಾಯ್ಲಿ ಅಂದ್ಕಂಡ್ ಹರ್ಕಿ ಹೇಳ್ಕಂಡದ್ ಹೌದಾ?"

"ಹೌದ್."

"ಆದ್ರೂ ಅವ್ಳ್ ರಾಣಿ ಆದ್ಲಾ?"

"ಆದ್ಲ್."

ಕೂತಲ್ಲಿಂದಲೇ ಹತ್ತಿರ ಸರಿದಳು. "ಹಂಗಾರೆ ನನ್ ಸೊಸಿ ಹೆಸರಗೂ ಒಂದ್ ಹೇಳ್ಕಣಿ ಮಾರಾಯ್ತಿ. ನಾ ಒಳ್ಳೇದ್ ಬೇಡ್ಕಂಡ್ ಬೇಡ್ಕಂಡ್ ಎಂತದೂ ಆಯ್ಲಿಲ್ಲೆ."

ಹೀಗೆ ನನ್ನ ಹೆಸರು ಕೆಡಬೇಕಾದಲ್ಲಿ ಏರಿದೆ.

ನೀನು ಪುಸ್ತಕದಲ್ಲಿ ಇದನ್ನೆಲ್ಲ ಬರೆಯಬಹುದಾ ಅಂತ ಹೊರಡುವಾಗ ಕೇಳಿದೆ. ಬರೆ. ನಾನು ಬೇಡಿದ್ದನ್ನು ಬರೆ, ನೀನು ಸಹಿ ಹಾಕಿದ್ದನ್ನು ಬರೆ. ಅಬ್ಬೆಯ ಬಗ್ಗೆ ನಾವು ಹಿಂಬದಿಯ ಮೆಟ್ಟಿಲಲ್ಲಿ ಕೂತು ಆಡಿದ ಮಾತು ಬರೆಯಬೇಡ. ಅದು ನಮ್ಮಿಬ್ಬರದು.

ಇನ್ನೊಂದು. ಮೊನ್ನೆ ಶುಕ್ರವಾರ ದೇವಸ್ಥಾನಕ್ಕೆ ಹೋಗಿ ಮತ್ತೊಂದು ಆಟಕ್ಕೆ ಹೆಸರು ಬರೆಸಿ ಬಂದೆ. ಕೌಂಟರಿನವರು ಕೇಳಿದರು, "ಈಗಷ್ಟೇ ಆಡ್ಸಿರಲೆ. ಇದ್ ಯಾವುದ್ರ ಬಗ್ಗೆ?"

"ಎಂತದೂ ಇಲ್ಲೆ. ಸುಮ್ನೆ."

"ಸುಮ್ನೆ ಯಾರೂ ಬರ್ಸುದಿಲ್ಲೆ."

"ನಾ ಬರ್ಸ್ತೆ" ಅಂದೆ. ನಿನ್ನ ಹೆಸರು ಒಂದು, ನನ್ನ ಹೆಸರು ಒಂದು ಹೇಳಿದೆ. ವೀಳ್ಯ ಇಬ್ಬರೂ ಕೊಡುವುದು.

ಸರತಿ ಬರುವುದು 2050ರಲ್ಲಿ ಅಂತೆ. ನನಗೆ ಎಪ್ಪತ್ತನಾಲ್ಕು, ನಿನಗೆ ಎಪ್ಪತ್ತೊಂದು. ಆ ವರ್ಷ ಯಾವ ನಾಟಕಕ್ಕೂ ಒಪ್ಪಿಕೊಳ್ಳಬೇಡ.

ನಿನ್ನ ಅಕ್ಕ
ಸುಗುಣ